ಫರಂಗಿಪೇಟೆಯ ಬಾಡದ ಮಲ್ಲಿಗೆ

ಶಿಸ್ತು ಇರುವ ಮನೆಯಲ್ಲಿ ಅವಘಡಕ್ಕೆ ಜಾಗವಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಈ ನಂಬಿಕೆ ನನಗೆ ಬಂದದ್ದು ಮಂಗಳೂರಿನ ಟ್ರೈನಿಂಗ್ ಶಾಲೆಯ ಹಾಸ್ಟೆಲಿನಲ್ಲಿ. ಅಲ್ಲಿ ಐದಕ್ಕೆ ಏಳುವ ಗಂಟೆ, ಐದೂಕಾಲಿಗೆ ಹಾಸಿಗೆ ಮಡಚುವ ಗಂಟೆ, ಐದೂವರೆಗೆ ಹಾಸಿಗೆ ಸರಿಯಾಗಿ ಮಡಚಿಲ್ಲವೆಂದು ಬೈಸಿಕೊಳ್ಳುವ ಗಂಟೆ. ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೂ ಆ ಪದ್ಧತಿಯನ್ನು ನಾನು ಬಿಡಲಿಲ್ಲ. ಅಡಿಗೆಮನೆಯ ಗೋಡೆಯಲ್ಲಿ ವೇಳಾಪಟ್ಟಿ ತೂಗುತ್ತಿತ್ತು. ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಸಾಲು: ಮಧ್ಯಾಹ್ನ ಎರಡರಿಂದ ನಾಲ್ಕು, ಕರಕುಶಲ ಮತ್ತು ಗೃಹಾಲಂಕಾರ. ಆ ಎರಡು ಗಂಟೆಯೊಳಗೆ ಮಕ್ಕಳು ಬೀಳಬಾರದು, ಜಗಳವಾಡಬಾರದು, ಅವರಿಗೆ ಹಸಿವಾಗಬಾರದು.

ಅರವತ್ತರ ದಶಕದ ಮೊದಲ ವರ್ಷಗಳವು. ನಮ್ಮವರು ಮೂಡಬಿದಿರೆಯಲ್ಲಿ ಲೆಕ್ಕದ ಮಾಸ್ಟರು. ನಾವಿದ್ದ ಪುಟ್ಟ ಬಾಡಿಗೆ ಮನೆಯನ್ನು ನಾನು ಒಂದೇ ವರ್ಷದಲ್ಲಿ ಸಿಂಗರಿಸಿಬಿಟ್ಟಿದ್ದೆ. ಹೂಜಿಗೆ ಮಣಿಯ ಮುಚ್ಚಳ, ಟ್ರಂಕಿಗೆ ಕಸೂತಿಯ ಹೊದಿಕೆ, ಕುರ್ಚಿಯ ಬೆನ್ನಿಗೆ ಕ್ರೋಶಾ ಬಲೆ. ನಮ್ಮವರು ಕುಳಿತುಕೊಳ್ಳುವ ಮೊದಲು ಒಪ್ಪಿಗೆ ಕೇಳುತ್ತಿದ್ದರು.

"ವಾರಿಜಾ, ಈ ಮನೆಯಲ್ಲಿ ಬಟ್ಟೆ ತೊಡದೆ ಇರುವುದು ಗೋಡೆ ಮಾತ್ರ," ಎಂದರು ಒಮ್ಮೆ.

"ಅದಕ್ಕೆ ಮುಂದಿನ ತಿಂಗಳು ಉಂಟು," ಎಂದೆ. ನಾನು ತಮಾಷೆ ಮಾಡಿರಲಿಲ್ಲ.

ಮನೆಯ ಒಡತಿ ಚಂದ್ರಮತಿಯಮ್ಮ ಪಕ್ಕದ ದೊಡ್ಡ ಮನೆಯಲ್ಲಿದ್ದರು. ಜೈನರು, ನೇಮನಿಷ್ಠೆಯವರು, ನನ್ನನ್ನು ಮಗಳ ಹಾಗೆ ಕಾಣುವವರು. ಮನೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ. ಈ ಮನೆಯಲ್ಲಿ ಮೀನು, ಮಾಂಸ ಬೇಯಬಾರದು. ಮೀನಿಲ್ಲದೆ ಊಟ ಸೇರದ ಕುಲದಲ್ಲಿ ಹುಟ್ಟಿದ್ದರೂ ನಾನು ಆ ಮಾತಿಗೆ ಒಂದು ದಿನವೂ ತಪ್ಪಲಿಲ್ಲ. ತಿಂಗಳಿಗೊಮ್ಮೆ ಫರಂಗಿಪೇಟೆಯ ತವರಿಗೆ ಹೋಗಿ, ತಿನ್ನಬೇಕಾದದ್ದನ್ನು ಅಲ್ಲೇ ತಿಂದು, ಬಾಯಿ ತೊಳೆದು ಬರುತ್ತಿದ್ದೆ.

ತವರಿನಲ್ಲಿ ಒಂದು ದಿನ ಅಮ್ಮ ನೇತ್ರಾವತಿಯ ದೊಡ್ಡ ಹೊಳೆಮೀನನ್ನು ಸ್ವಚ್ಛ ಮಾಡುತ್ತಿದ್ದಳು. ಅದರ ಮೈಯಿಂದ ಕೆರೆದ ಹುರುಪೆಗಳು ಬಿಸಿಲಿಗೆ ಮುತ್ತಿನ ಹಾಗೆ ಹೊಳೆದವು. ನನಗೆ ಟ್ರೈನಿಂಗ್ ಶಾಲೆಯ ಕರಕುಶಲದ ತರಗತಿ ನೆನಪಾಯಿತು. ಮೀನಿನ ಹುರುಪೆಯಿಂದ ಹೂ ಮಾಡುವುದನ್ನು ಅಲ್ಲಿ ಕಲಿಸಿದ್ದರು. ನೂರರಲ್ಲಿ ತೊಂಬತ್ತಾರು ಅಂಕ ನನ್ನದು.

ಆದರೆ ಷರತ್ತು? ನಾನು ಬಸ್ಸಿನಲ್ಲಿ ಕುಳಿತು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಹುರುಪೆಯನ್ನು ಯಾರೂ ಬೇಯಿಸುವುದಿಲ್ಲ. ಯಾರೂ ತಿನ್ನುವುದಿಲ್ಲ. ಅಮ್ಮನ ಬಾವಿಕಟ್ಟೆಯಲ್ಲಿಯೇ ಉಪ್ಪುನೀರು, ಅಂಟುವಾಳ, ಲಿಂಬೆಹುಳಿ ಎಂದು ಏಳು ಸಲ ತೊಳೆದು, ನೆರಳಿನಲ್ಲಿ ಒಣಗಿಸಿ ತಂದದ್ದು. ಆದಕಾರಣ ಅದು ಮೀನಲ್ಲ, ಕರಕುಶಲದ ಸಾಮಗ್ರಿ. ತೀರ್ಪು ನನ್ನ ಪರವಾಗಿ ಬಂತು. ನ್ಯಾಯಾಧೀಶೆ ನಾನೇ ಆಗಿದ್ದೆ.

ಹತ್ತು ದಿನ ಎರಡರಿಂದ ನಾಲ್ಕು ಕುಳಿತು, ಹುರುಪೆಗಳಿಗೆ ಸೂಜಿಯಿಂದ ತೂತು ಮಾಡಿ, ಸಪೂರ ತಂತಿಯಲ್ಲಿ ಕೋದು ಮಲ್ಲಿಗೆಯ ಗೊಂಚಲು ಕಟ್ಟಿದೆ. ಕಿಟಕಿಯಲ್ಲಿ ಇಟ್ಟೆ. ಎರಡು ಜೇನುನೊಣಗಳು ಮೋಸಹೋದವು. ಮೂರನೆಯದಾಗಿ ಮೋಸಹೋದವರು ಚಂದ್ರಮತಿಯಮ್ಮ.

"ಎಷ್ಟು ಚಂದ ಉಂಟು ವಾರಿಜಾ! ಎಂತದರಲ್ಲಿ ಮಾಡಿದ್ದು?"

ಸತ್ಯ ಹೇಳಲು ಅದು ಸುಸಂದರ್ಭವಾಗಿತ್ತು. ನಾನು ಹೇಳಿದೆ, "ನಮ್ಮ ತವರಿನ ಕಡೆ ಸಿಗುತ್ತದೆ ಅಮ್ಮ. ಹೊಳೆಬದಿಯಲ್ಲಿ."

"ನೀರಿನ ಗಿಡವಾ?"

"ನೀರಿನಲ್ಲಿಯೇ ಇರುವುದು."

ನನ್ನ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ಹೊಗಳಿಕೆ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಗೊಂಚಲನ್ನು ಅವರ ಕೈಗೇ ಕೊಟ್ಟುಬಿಟ್ಟೆ.

ಎರಡು ವಾರದ ಮೇಲೆ ಅವರು ಓಡಿಕೊಂಡೇ ಬಂದರು. ಮಗಳು ಸುಗುಣನ ಮದುವೆ ಬೆಳ್ತಂಗಡಿಯ ಕಡೆಗೆ ನಿಶ್ಚಯವಾಗಿತ್ತು.

"ವಾರಿಜಾ, ನಿಶ್ಚಯದ ದಿನ ಸುಗುಣ ನಿನ್ನ ಹೂ ಮುಡಿದದ್ದು. ವರನ ತಾಯಿ ನೋಡಿದ್ದೇ ನೋಡಿದ್ದು. ಇಂಥಾದ್ದನ್ನು ಕಂಡೇ ಇಲ್ಲ ಅಂತ ಹೇಳಿ ತೆಗೆದುಕೊಂಡೇ ಹೋದರು. ಅವರದ್ದು ಒಂದು ಆಸೆ ಉಂಟು. ಮದುವೆಯ ದಿನ ಸುಗುಣನ ಜಡೆ ಪೂರ್ತಿ ಇದೇ ಹೂ ಬೇಕಂತೆ. ನೀನು ಮಾಡಿ ಕೊಡ್ತಿಯಲ್ಲ?"

ಮಂಟಪದಲ್ಲಿ ಜೈನ ಮದುಮಗಳು. ತಲೆಯಿಂದ ಸೊಂಟದವರೆಗೆ ಹೊಳೆಮೀನು. ನನ್ನ ಬಾಯಿ ಮಾತ್ರ, "ಅದಕ್ಕೆಂತ ಅಮ್ಮ, ಮಾಡುವ," ಎಂದಿತು.

ಆ ಕ್ಷಣದಿಂದ ನನ್ನ ವೇಳಾಪಟ್ಟಿ ಕುಸಿಯಿತು. ಅನ್ನ ಸೀದುಹೋಯಿತು. ಮಕ್ಕಳು ಎರಡರಿಂದ ನಾಲ್ಕರೊಳಗೆ ಬೇಕಾದಷ್ಟು ಸಲ ಬಿದ್ದರು. ಹುರುಪೆಯ ಹಾಗೆಯೇ ಕಾಣುವ, ಆದರೆ ಹುರುಪೆಯಲ್ಲದ ವಸ್ತುವನ್ನು ನಾನು ಹುಡುಕಬೇಕಾಗಿತ್ತು. ಮೂರನೆಯ ದಿನ ಸಿಕ್ಕಿತು. ತೆಳ್ಳಗೆ, ಬೆಳ್ಳಗೆ, ಅದೇ ಹೊಳಪು. ಹನ್ನೆರಡು ಹೂ ಕಟ್ಟಿ ನಮ್ಮವರ ಮುಂದೆ ಹಿಡಿದೆ.

"ಎಂತದರದ್ದು ಇದು?" ಎಂದರು.

"ಬೆಳ್ಳುಳ್ಳಿ ಸಿಪ್ಪೆಯದ್ದು."

"ಚಂದ್ರಮತಿಯಮ್ಮನ ಮನೆಯಲ್ಲಿ ಬೆಳ್ಳುಳ್ಳಿ ಮುಟ್ತಾರಾ?"

ನಾನು ಹನ್ನೆರಡು ಹೂಗಳನ್ನೂ ಒಲೆಗೆ ಹಾಕಿದೆ.

"ಮೊಟ್ಟೆಯ ಚಿಪ್ಪಿನಲ್ಲಿ ಮಾಡಿದರೆ?" ಎಂದು ಕೇಳಿದೆ.

ಅವರು ಪೇಪರು ಕೆಳಗಿಟ್ಟರು.

"ಕೋಳಿಯ ಬಿಳಿ ಗರಿ?"

"ವಾರಿಜಾ, ಅವರ ಮಗಳನ್ನು ಮದುವೆ ಮಾಡಿಸುವುದಾ, ಮೆರವಣಿಗೆಯಲ್ಲಿ ಊರು ಬಿಡಿಸುವುದಾ? ಹೋಗಿ ನಿಜ ಹೇಳು ಮಾರಾಯ್ತಿ."

ನಾನು ಕರಕುಶಲದ ಪೆಟ್ಟಿಗೆಯನ್ನು ತೆರೆದು ನೋಡಿದೆ. ಗರಿ, ಚಿಪ್ಪು, ಕವಡೆ, ಕೊಂಬಿನ ಗುಂಡಿ. ಜೀವಹಿಂಸೆಯಿಲ್ಲದ್ದು ಅಂತ ಇದ್ದದ್ದು ದಾರದ ಉಂಡೆ ಒಂದೇ. ಇಷ್ಟು ದಿನ ನಾನು ಮನೆಯಲ್ಲಿ ಒಂದು ಪ್ರಾಣಿಸಂಗ್ರಹಾಲಯವನ್ನೇ ಇಟ್ಟುಕೊಂಡಿದ್ದೆ.

ಮರುದಿನ ನಾಲ್ಕು ಗಂಟೆಗೆ ಸರಿಯಾಗಿ ದೊಡ್ಡ ಮನೆಗೆ ಹೋದೆ. ಮಾತನ್ನು ಬರೆದು ಬಾಯಿಪಾಠ ಮಾಡಿದ್ದೆ.

"ಅಮ್ಮ, ತಮ್ಮಲ್ಲಿ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಸದರಿ ಹೂವು ಗಿಡದ್ದಲ್ಲ. ಮೀನಿನ ಹುರುಪೆಯದ್ದು."

ಚಂದ್ರಮತಿಯಮ್ಮ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಕೇಳಿದರು, "ಯಾವ ಮೀನು?"

"ಹೊಳೆಮೀನು ಅಮ್ಮ."

"ಹೊಳೆಯದ್ದಾದರೆ ಎಂತ, ಕಡಲಿನದ್ದಾದರೆ ಎಂತ, ನಾನು ಯಾಕೆ ಕೇಳಿದ್ದು ಅಂತ ನನಗೇ ಗೊತ್ತಿಲ್ಲ," ಎಂದು ಕುಸಿದು ಕುಳಿತರು. "ನನ್ನ ಮಗಳು ಅದನ್ನು ತಲೆಯಲ್ಲಿ ಇಟ್ಟುಕೊಂಡು ಹಿರಿಯರ ಕಾಲಿಗೆ ಬಿದ್ದದ್ದು ವಾರಿಜಾ."

"ನಾವು ಮನೆ ಖಾಲಿ ಮಾಡ್ತೇವೆ ಅಮ್ಮ," ಎಂದೆ. ಅಳು ಬಂದಿತ್ತು.

"ನಿನ್ನ ಮನೆ ಖಾಲಿ ಮಾಡುವುದು ಆಮೇಲೆ. ಮೊದಲು ಆ ಹೂ ಬೀಗರ ಮನೆ ಖಾಲಿ ಮಾಡಬೇಕು. ಅವರಿಗೆ ಗೊತ್ತಾದರೆ ಸಂಬಂಧ ಉಳಿಯುವುದುಂಟಾ? ಬಟ್ಟೆಯದ್ದು ಒಂದು ಮಾಡು. ಬದಲಿಸಿ ಬರುವ. ನೀನು ಬಾಯಿ ಮಾತ್ರ ತೆರೀಬೇಡ."

ಮಲ್ ಬಟ್ಟೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಕತ್ತರಿಸಿ ಒಂದು ಗೊಂಚಲು ಕಟ್ಟಿದೆ. ಅದನ್ನು ಹಿಡಿದುಕೊಂಡು ನಾವಿಬ್ಬರೂ ವೇಣೂರಿನ ಮೂಲಕ ಹೋಗುವ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಚಂದ್ರಮತಿಯಮ್ಮ ಒಂದೇ ಮಾತು ಹೇಳಿದರು. "ಬಾಯಿ."

ವರನ ಮನೆ ಬೆಳ್ತಂಗಡಿಗೆ ತಾಗಿದ ಲಾಯಿಲದಲ್ಲಿ. ವರನ ತಾಯಿ ಎತ್ತರದ, ಗಂಭೀರ ಹೆಂಗಸು. ಚಾವಡಿಯಲ್ಲಿ ಗಾಜಿನ ಕಪಾಟು. ಅದರ ನಟ್ಟನಡುವೆ, ಬೆಳ್ಳಿಯ ಪನ್ನೀರುದಾನಿಯ ಪಕ್ಕದಲ್ಲಿ, ನನ್ನ ಹೂ. ಅಷ್ಟು ಒಳ್ಳೆಯ ಜಾಗದಲ್ಲಿ ನನ್ನ ಯಾವ ಕೆಲಸವೂ ಅದುವರೆಗೆ ಕುಳಿತಿರಲಿಲ್ಲ. ಆ ಸಂಕಟದಲ್ಲಿಯೂ ಒಮ್ಮೆ ಕಣ್ತುಂಬ ನೋಡಿಕೊಂಡೆ.

"ಮೊದಲಿನದ್ದು ಸ್ವಲ್ಪ ಹಳತಾಯಿತು," ಎಂದು ಚಂದ್ರಮತಿಯಮ್ಮ ಶುರು ಮಾಡಿದರು. "ಇದು ಹೊಸತು. ಅದನ್ನು ಕೊಡಿ, ಇದನ್ನು ಇಟ್ಟುಕೊಳ್ಳಿ."

ವರನ ತಾಯಿ ಬಟ್ಟೆಯ ಹೂವನ್ನು ಬೆಳಕಿಗೆ ಹಿಡಿದರು. "ಇದೂ ತೊಂದರೆ ಇಲ್ಲ. ಆದರೆ ಅದರ ಹಾಗಿಲ್ಲ. ಇದು ಬಟ್ಟೆ ಅಂತ ಬಾಗಿಲಲ್ಲಿ ನಿಂತವರಿಗೂ ಗೊತ್ತಾಗ್ತದೆ. ಅದನ್ನು ಮಾಡಿದವರು ಬೇರೆ ಯಾರೋ. ಅದು ಪಳಗಿದ ಕೈ."

ಚಂದ್ರಮತಿಯಮ್ಮ ನನ್ನ ಸೆರಗು ಎಳೆದರು.

"ಅದನ್ನೂ ನಾನೇ ಮಾಡಿದ್ದು," ಎಂದೆ.

"ಹೌದಾ?" ಎಂದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತೆ ಇದಕ್ಕೆ ಯಾಕೆ ಆ ಹೊಳಪು ಬರಲಿಲ್ಲ? ಕಲಿತದ್ದು ಮರೆತುಹೋಯಿತಾ?"

ತೊಂಬತ್ತಾರು ಅಂಕದವಳು ನಾನು.

"ಹೊಳಪು ಬಟ್ಟೆಗೆ ಎಲ್ಲಿಂದ ಬರ್ತದೆ ಅಮ್ಮ? ಅದು ಹುರುಪೆಯ ಹೊಳಪು! ಒಂದೊಂದನ್ನೂ ಏಳು ಸಲ ತೊಳೆದು, ಲಿಂಬೆಹುಳಿಯಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ…"

"ಎಂತದರ ಹುರುಪೆ?"

ಚಂದ್ರಮತಿಯಮ್ಮ ನನ್ನ ಸೆರಗನ್ನು ಬಿಟ್ಟರು. ಇನ್ನು ಎಳೆದು ಪ್ರಯೋಜನವಿರಲಿಲ್ಲ.

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಹೊಳೆ, ಬಾವಿಕಟ್ಟೆ, ಜೇನುನೊಣ, ಬೆಳ್ಳುಳ್ಳಿ. ಬಿಟ್ಟುಬಿಡಬಹುದಾಗಿದ್ದ ಬೆಳ್ಳುಳ್ಳಿಯನ್ನೂ ಬಿಡಲಿಲ್ಲ. ಕೊನೆಯಲ್ಲಿ, "ತಪ್ಪು ನನ್ನದು. ಚಂದ್ರಮತಿಯಮ್ಮನಿಗೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಸುಗುಣನಿಗೆ ಇವತ್ತಿಗೂ ಗೊತ್ತಿಲ್ಲ," ಎಂದೆ.

ವರನ ತಾಯಿ ಒಳಗೆ ಹೋಗಿ ಇಕ್ಕುಳ ತಂದರು. ಕಪಾಟು ತೆರೆದು ಹೂವನ್ನು ಇಕ್ಕುಳದಲ್ಲಿ ಹಿಡಿದು, ತೋಟದ ಕಡೆಗೆ ನಡೆದರು. ಬಾಗಿಲಲ್ಲಿ ನಿಂತು ಅದನ್ನು ಇನ್ನೊಮ್ಮೆ ನೋಡಿದರು. "ಕೆಲಸ ಮಾತ್ರ ಚಂದ ಉಂಟು," ಎಂದರು. ಎಸೆದು ಬಂದರು.

"ಹುಡುಗಿಗೆ ಗೊತ್ತಿಲ್ಲದ್ದಕ್ಕೆ ಹುಡುಗಿಯನ್ನು ಬಿಡ್ಲಿಕ್ಕುಂಟಾ?" ಎಂದು ಚಂದ್ರಮತಿಯಮ್ಮನ ಕಡೆ ತಿರುಗಿದರು. "ಆಸೆಪಟ್ಟು ಹೊತ್ತುಕೊಂಡು ಬಂದದ್ದು ನಾನು. ಮದುವೆಗೆ ಗಿಡದ ಮಲ್ಲಿಗೆ ಸಾಕು. ಈಗ ಮೂವರೂ ತಲೆಗೆ ನೀರು ಹಾಕಿಕೊಳ್ಳುವ. ಆಮೇಲೆ ಊಟ."

ಬಾವಿಯ ಬದಿಯಲ್ಲಿ ನಾವು ಮೂವರು ಸಂಸಾರಸ್ಥ ಹೆಂಗಸರು ನಡುಮಧ್ಯಾಹ್ನ ಸಾಲಾಗಿ ತಲೆಗೆ ಸ್ನಾನ ಮಾಡಿದೆವು. ನಾನು ವರನ ತಾಯಿಯ ಸೀರೆ ಉಟ್ಟೆ. ಅವರು ನನಗಿಂತ ಒಂದು ಮೊಳ ಎತ್ತರ. ಊಟಕ್ಕೆ ಹೋಗುವಾಗ ನೆರಿಗೆ ತುಳಿದು ಚಾವಡಿಯಲ್ಲಿ ಬಿದ್ದೆ. ಗಾಜಿನ ಕಪಾಟಿಗೆ ಏನೂ ಆಗಲಿಲ್ಲ. ಅದೊಂದು ಬಾಕಿ ಇತ್ತು ಎಂದು ಎಲ್ಲರೂ ಒಮ್ಮೆ ಅತ್ತ ನೋಡಿದ್ದು ನನಗೆ ಗೊತ್ತಾಯಿತು.

ಮದುವೆ ಚೆನ್ನಾಗಿಯೇ ನಡೆಯಿತು. ನನಗೆ ಬಾಳೆಲೆ ಒರೆಸುವ ಕೆಲಸ ಕೊಟ್ಟಿದ್ದರು. ಹೂ ಕಟ್ಟುವಲ್ಲಿಗೆ ಎರಡು ಸಲ ಹೋದೆ. ಎರಡು ಸಲವೂ ಯಾರೋ ಒಬ್ಬರು ಬಹಳ ಮರ್ಯಾದೆಯಿಂದ ನನ್ನನ್ನು ಬಾಳೆಲೆಯ ಬಳಿಗೆ ತಂದುಬಿಟ್ಟರು. ಮನೆಯನ್ನೂ ಚಂದ್ರಮತಿಯಮ್ಮ ಬಿಡಿಸಲಿಲ್ಲ. "ನಿನ್ನನ್ನು ಬೇರೆ ಎಲ್ಲಿಗೆ ಕಳಿಸುವುದು? ಅಲ್ಲಿ ಯಾರ ತಲೆಗೆ ಎಂತ ಇಡ್ತಿಯೋ," ಎಂದರು ಅಷ್ಟೆ.

ಮದುವೆ ಮುಗಿದ ವಾರದ ಶುಕ್ರವಾರ ನಮ್ಮ ಅಂಗಳದ ಗಿಡದಲ್ಲಿ ಮಲ್ಲಿಗೆ ಬಿರಿದಿತ್ತು. ಆಗಷ್ಟೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ತಪ್ಪುಕಾಣಿಕೆಯೆಂಬಂತೆ ಅವರಿಗೆ ಕೊಂಡುಹೋಗಿ ಕೊಟ್ಟೆ. ಅವರು ನಗುತ್ತಲೇ ತೆಗೆದುಕೊಂಡರು. ಒಂದು ಎಸಳು ಚಿವುಟಿ ನೋಡಿದರು. ಮೂಸಿದರು. ಆಮೇಲೆ ಜಗಲಿಯಲ್ಲಿ ಮಲಗಿದ್ದ ಬೆಕ್ಕಿನ ಮೂಗಿನ ಬಳಿ ಹಿಡಿದರು.

ಬೆಕ್ಕು ಮುಖ ತಿರುಗಿಸಿ ಮಲಗಿತು.

ಚಂದ್ರಮತಿಯಮ್ಮ ಹೂ ಮುಡಿದುಕೊಂಡರು.