ಗುಳಿಗೆಗೆ ಸುಳಿ ನೋಡುವ ಕಾಕಾ

ಎತ್ತಿಗೆ ಸುಳಿ ನೋಡುವವರು ನಮ್ಮ ಸಿಂದಗಿ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಗುಳಿಗೆಗೆ ಸುಳಿ ನೋಡುವವರು ಒಬ್ಬರೇ, ಅವರು ನಮ್ಮ ಕಾಕಾ! ಸರಿಯಾಗಿ ನನ್ನ ಪಾಲಿಗೇ ಬಂದಿದ್ದಾರೆ.

ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಎತ್ತಿನ ದಲಾಲಿ ಮಾಡುತ್ತ ಇಂಡಿ, ಬಾಗೇವಾಡಿ, ಮುದ್ದೇಬಿಹಾಳವೆಲ್ಲ ಸುತ್ತಿದವರು ಅವರು. ಹಲ್ಲು ಎಣಿಸಿ, ಬಾಲ ತಿರುವಿ, ಬೆನ್ನ ಮೇಲೆ ಕೆಟ್ಟ ಸುಳಿ ಹುಡುಕಿ ಕೊನೆಗೆ "ಬ್ಯಾಡ" ಅನ್ನುವುದೇ ಅವರ ವಿದ್ಯೆ. ಈಗ ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ನಡೆದಿದೆ. ನಾನು ಅವರ ಅಣ್ಣನ ಮಗಳು, ಶಾಲೆಯ ಟೀಚರು. ಉಳಿದ ಹೊತ್ತೆಲ್ಲ ಗುಳಿಗೆ ಹಿಡಿದುಕೊಂಡು ಕಾಕಾನ ಹಿಂದೆ ಓಡುವ ನೌಕರಿ!

ಆ ಮಷೀನು ರಕ್ತದಲ್ಲಿನ ಫಾಸ್ಫರಸ್ಸನ್ನು ಪೂರ್ತಿ ತೆಗೆಯಲಾರದಂತೆ. ಅದು ಏರಿದರೆ ಮೈಯೆಲ್ಲ ತುರಿಕೆ, ಎಲುಬು ಟೊಳ್ಳು, ಹೃದಯಕ್ಕೂ ಕುತ್ತು. ಊಟದಲ್ಲಿರುವುದನ್ನು ಹೊಟ್ಟೆಯಲ್ಲೇ ಹಿಡಿದುಹಾಕುವ ಗುಳಿಗೆ ಉಂಟು, ತುತ್ತಿನ ಜೊತೆಗೇ ತೆಗೆದುಕೊಳ್ಳಬೇಕು. ಅಷ್ಟೇ. ಆದರೆ ನಮ್ಮ ಕಾಕಾಗೆ ಯಾವುದಾದರೂ 'ಅಷ್ಟೇ' ಎನ್ನುವಷ್ಟು ಸಲೀಸಾಗಿದ್ದುಂಟೆ?

ಮೊದಲು ಕೊಟ್ಟದ್ದು ಕ್ಯಾಲ್ಸಿಯಂ ಗುಳಿಗೆ. ಕಾಕಾ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ಸುಣ್ಣ. ಗ್ವಾಡಿಗಿ ಬಳಿಯೋದು, ಹೊಟ್ಟಿಗಿ ಯಾಕ?" ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಯಿತೆಂದು ಡಾಕ್ಟರೇ ಅದನ್ನು ಬಿಡಿಸಿದರು, ಕಾಕಾನ ಮೀಸೆ ಇನ್ನಷ್ಟು ಮೇಲೇರಿತು. ಎರಡನೆಯದು ಸೆವೆಲಮರ್, ಇಡಿಯಾಗಿ ನುಂಗುವ ದಪ್ಪ ಗುಳಿಗೆ. "ಇದಕ್ಕ ಎಮ್ಮಿ ಗಂಟಲಾ ಬೇಕು!" ಮೂರನೆಯದು ಲ್ಯಾಂಥನಮ್, ಅಗಿದು ತಿನ್ನುವುದು. "ನನ್ನ ಹಲ್ಲು ನೋಡಿ ವಯಸ್ಸು ಹೇಳ್ರಿ ಮೊದಲ!"

ಕೊನೆಗೆ ಡಾಕ್ಟರನ್ನೇ ಹಿಡಿದರು. "ಖರೇ ಹೇಳ್ರಿ ಸಾಹೇಬ್ರ, ಮೂರರಾಗ ಯಾವ್ದು ಛಲೋ?"

"ಒಂದೊಂದಕ್ಕ ಒಂದೊಂದು ಹೆಚ್ಚು-ಕಡಿಮಿ ಇರ್ತೈತ್ರಿ ಯಜಮಾನ್ರ. ದಿನಾ ಊಟದಾಗ ಹೊಟ್ಟಿಗಿ ಹೋಗೋದೇ ಛಲೋ ಗುಳಿಗಿ."

ಹೊರಗೆ ಬಂದ ಮೇಲೆ ಕಾಕಾ ನನ್ನ ಕಿವಿಯಲ್ಲಿ, "ಕೇಳಿದೇನಬೇ? ಪಕ್ಕಾ ದಲಾಲಿ ಮಾತು!" ಎಂದರು.

ಲ್ಯಾಂಥನಮ್ ಮುಂದುವರಿಯಿತು, ಡಬ್ಬಿಯಲ್ಲಿ. ನಾನು ದಿನಾ ತಾಟಿನ ಅಂಚಿಗೆ ಇಡುತ್ತೇನೆ. ಅವರು ದಿನಾ ತಾಟಿನ ಕೆಳಗೆ ಸರಿಸುತ್ತಾರೆ. ಈ ನಡುವೆ ಸ್ವತಃ ತಪಾಸಣೆಗೆ ಹೊರಟರು! ಎತ್ತು ಕೊಡಿಸಿದ ಪರಿಚಯ ಹಿಡಿದು, ಎಲ್ಲೆಲ್ಲಿ ಡಯಾಲಿಸಿಸ್ ಪೇಷಂಟು ಇದ್ದಾರೋ ಅಲ್ಲೆಲ್ಲ ಬಸ್ ಹತ್ತಿದರು. ಇಂಡಿಯಲ್ಲಿ ಶೇಂಗಾ ಹೋಳಿಗೆ, ಆಲಮೇಲದಲ್ಲಿ ಕೆನೆಮೊಸರು, ಬಾಗೇವಾಡಿಯಲ್ಲಿ ಗಟ್ಟಿ ಹಾಲಿನ ಚಹಾ. ನಮ್ಮ ಕಡೆ ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುತ್ತಾರೆಯೇ? ಫಾಸ್ಫರಸ್ ಇಳಿಸುವುದು ಹೇಗೆಂದು ಕೇಳಲು ಹೋದ ಮನುಷ್ಯ ಊರೂರು ತಿರುಗಿ ಅದನ್ನೇ ಏರಿಸಿಕೊಂಡು ಬಂದರು. ರಿಪೋರ್ಟ್ ನೋಡಿ ನಾನು ಹಣೆ ಹಣೆ ಬಡಿದುಕೊಂಡೆ.

ಕಾಕಾ ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತ, "ಇನ್ನೊಂದ ಮನಿ ಉಳದೈತಿ ಯವ್ವಾ" ಎಂದರು.

ನನಗೆ ನಗು ಬರಲಿಲ್ಲ. ಅಂಗಿಯ ಬೆನ್ನೆಲ್ಲ ರಕ್ತದ ಕಲೆ. ಕೊಬ್ಬರಿ ಎಣ್ಣೆ ಸವರುತ್ತಿದ್ದಾಗ, ಇವರು ನನ್ನ ಕೈಗೆ ದಕ್ಕುವುದಿಲ್ಲ ಎಂದು ಮೊದಲ ಸಲ ಅನ್ನಿಸಿತು. ಬೈದು ಆಯಿತು, ಅತ್ತು ಆಯಿತು. ಇನ್ನೇನು ಮಾಡಲಿ?

ಉಳಿದಿದ್ದ ಆ ಮನೆ ಮುದ್ದೇಬಿಹಾಳದ ಗೆಳೆಯರದು. ದಲಾಲಿಯಲ್ಲೂ ಡಯಾಲಿಸಿಸ್ಸಿನಲ್ಲೂ ಕಾಕಾನ ಜೊತೆಗಾರರು, ಒಂದು ಗುಳಿಗೆಯನ್ನೂ ತಪ್ಪಿಸದ ಶಿಸ್ತಿನವರು. ನಾವು ಹೋಗುವ ಮೊದಲೇ ತೀರಿಕೊಂಡರು. ಅವರ ಹೆಂಡತಿಯನ್ನು ಮಾತಾಡಿಸಿಕೊಂಡು ಬರಲು ಹೋದೆವು.

ಆ ತಾಯಿ ಒತ್ತಾಯ ಮಾಡಿ ಊಟಕ್ಕೆ ಕೂರಿಸಿದರು. ರೊಟ್ಟಿ, ಹೀರೇಕಾಯಿ ಪಲ್ಯ ಬಡಿಸಿ, ಗೂಡಿನಲ್ಲಿದ್ದ ಗಂಡನ ಗುಳಿಗೆಯೊಂದನ್ನು ತೆಗೆದು ಕಾಕಾನ ತಾಟಿನ ಅಂಚಿಗಿಟ್ಟರು. ಇಟ್ಟ ಮೇಲೆ ತಾವೇ ಗಾಬರಿಯಾದರು.

"ತಪ್ಪ ತಿಳಕೋಬ್ಯಾಡ್ರಿ ಅಣ್ಣಾರ. ಕೈಗಿ ರೂಢಿ ಆಗಿಬಿಟ್ಟೈತ್ರಿ."

"ಇರ್ಲಿ ಬಿಡಬೇ. ನಂದೂ ಇದೇ ಗುಳಿಗಿ ಐತಿ," ಎಂದರು ಕಾಕಾ. ಬೆಳಕಿಗೆ ಹಿಡಿಯಲಿಲ್ಲ, ತಿರುಗಿಸಿ ನೋಡಲಿಲ್ಲ. ತುತ್ತಿನ ಜೊತೆ ಬಾಯಿಗೆ ಹಾಕಿಕೊಂಡು ಅಗಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಕೆಣಕಿದೆ. "ಹೆಂಗಿತ್ತು ಕಾಕಾ? ಸುಳಿ ಛಲೋ ಇತ್ತಿಲ್ಲೋ?"

ಬಸ್ಸು ತಾಳಿಕೋಟೆ ದಾಟುತ್ತಿತ್ತು. ಕಾಕಾ ಕಿಟಕಿಯಾಚೆ ನೋಡುತ್ತಲೇ ಅಂದರು:

"ಅಷ್ಟ ಜತನಾ ಮಾಡಿದ್ಲು. ಆದರೂ ಅಂವ ಹ್ವಾದ. ಆಕಿ ಕೈ ಇನ್ನಾ ಗುಳಿಗಿ ಇಡಾಕತ್ತೈತಿ. ನಿನ್ನ ಕೈಗಿ ಆ ರೂಢಿ ಬ್ಯಾಡ ಅಂತಿದ್ದೆ, ಯವ್ವಾ."

ಇಷ್ಟು ದಿನ ತಾಟಿನ ಕೆಳಗೆ ಸರಿಸಿದ್ದು ಅದಕ್ಕಾ! "ರೂಢಿ ಆಗಿ ಭಾಳ ದಿನಾ ಆತು, ಕಾಕಾ," ಎಂದಷ್ಟೇ ಹೇಳಿದೆ.

ಅವತ್ತು ಮನೆಯಲ್ಲಿ ಊಟಕ್ಕೆ ಕೂತಾಗ ಎಂದಿನಂತೆ ಗುಳಿಗೆ ಇಟ್ಟೆ. ಕಾಕಾ ಅದನ್ನು ಬಾಯಿಗೆ ಹಾಕಿಕೊಂಡು, ಉಳಿದ ನಾಲ್ಕು ಹಲ್ಲಿನಲ್ಲಿ ಬಹಳ ಹೊತ್ತು ಅಗಿಯುತ್ತ ಕೂತರು. ನಾನು ಎದ್ದು ಇನ್ನೊಂದು ರೊಟ್ಟಿ ತರಲು ಒಳಗೆ ಹೋದೆ.