ಎರಡೂ ದಂಡೆಗೆ ಕಾಣುವ ಬಂಡೆ

ಹೊಳೆ ದಂಡೆಯ ಊರಲ್ಲಿ ಮಾಸ್ತರಿಕೆ ಮಾಡಿದವನಿಗೆ ನಗುವ ಸಂಗತಿಗಳ ಕೊರತೆ ಇಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಹರಗೋಲು ಹತ್ತಿ ಬಂದೇ ಬಿಡುತ್ತದೆ. ಆದರೆ ಇಲ್ಲಿ ಬರೆದಿರುವುದು ನಡೆಯುವಾಗ ನನಗೆ ನಗು ಬಂದಿರಲಿಲ್ಲ. ನಗು ಬಂದದ್ದು ಎರಡು ತಿಂಗಳ ಮೇಲೆ.

ಆಗ ತುಂಗಭದ್ರೆಗೆ ಅಣೆಕಟ್ಟು ಇರಲಿಲ್ಲ. ಈಚೆ ದಂಡೆ, ಅಂದರೆ ನಮ್ಮ ಗಂಗಾವತಿ ಕಡೆ, ನಿಜಾಮರದು. ಜನ ಅದನ್ನು ಮೊಗಲಾಯಿ ಅನ್ನುತ್ತಿದ್ದರು. ಆಚೆ ಹೊಸಪೇಟೆ ಕಡೆ ಇಂಗ್ಲಿಷರದು, ಅದು ಕುಂಪಣಿ ಸೀಮೆ. ನಡುವೆ ಹರಿಯುವ ನೀರು ಯಾರದು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳುವ ಹಾಗೆ ಮಾಡಿದವನು ನಾನೇ.

೧. ಎರಡನೇ ಭಾಗ

ಸಾಲೆಯಲ್ಲಿ ನಾನು ಕಲಿಸುತ್ತಿದ್ದುದು ಉರ್ದು. ಸಂಜೆ ಗೌಡರ ಕಟ್ಟೆಯ ಮೇಲೆ ಕೂತು ಊರವರಿಗೆ ಓದಿ ಹೇಳುತ್ತಿದ್ದುದು ಕನ್ನಡ. ಆ ವರ್ಷ ಒಂದು ಕಾದಂಬರಿ ಹಿಡಿದಿದ್ದೆವು. ಹಡಗು ಒಡೆದು ಒಬ್ಬ ವ್ಯಾಪಾರಿ ನರಮನುಷ್ಯರಿಲ್ಲದ ದ್ವೀಪ ಸೇರುತ್ತಾನೆ. ಆಮೆಯ ಮೊಟ್ಟೆ ತಿನ್ನುತ್ತಾನೆ, ದಿನಾ ಗುಡ್ಡ ಹತ್ತಿ ಹೊಗೆ ಹಾಕುತ್ತಾನೆ, ಯಾವುದಾದರೂ ಹಡಗಿನವರು ನೋಡಿಯಾರು ಎಂದು ವರ್ಷಗಟ್ಟಲೆ ಕಾಯುತ್ತಾನೆ. ಮೊದಲನೇ ಭಾಗ ಅಲ್ಲಿಗೇ ಮುಗಿಯಿತು.

ಮರುದಿನ ಗೌಡರು ಸಾಲೆಗೇ ಬಂದರು. "ಮಾಸ್ತರ, ಅವ ಪಾರಾದ್ನೋ ಇಲ್ಲೋ ಅಷ್ಟ ಹೇಳ್ರಿ. ನನಗ ಊಟ ಸೇರವಲ್ದು."

ಎರಡನೇ ಭಾಗ ಹೊಸಪೇಟೆಯ ಪುಸ್ತಕದಂಗಡಿಯಲ್ಲಿತ್ತು. ಶ್ರಾವಣದ ಸೂಟಿಯಲ್ಲಿ ಹೋಗಿ ತಂದೆ. ಮರಳುವಾಗ ಆಚೆ ದಂಡೆಯಲ್ಲಿ ನಮ್ಮೂರ ಅಂಬಿಗ ನೀರು ನೋಡುತ್ತ ನಿಂತಿದ್ದ. "ಬಣ್ಣ ಬದಲಾಗೈತ್ರಿ ಮಾಸ್ತರ. ನಾಳಿ ಹೋಗೂಣು," ಅಂದ. ಊರೆಲ್ಲ ಕಾಯುತ್ತಿದೆ, ಇವತ್ತೇ ಹೋಗಬೇಕು ಎಂದು ಹಟ ಹಿಡಿದವನು ನಾನು. ಜೊತೆಗೆ ನಮ್ಮೂರ ಒಬ್ಬ ಅಜ್ಜಿ ಇದ್ದಳು. ಮಗಳ ಮನೆಗೆ ಹೋಗಿ, ಮಗಳು ಕೊಟ್ಟ ಗಬ್ಬದ ಆಡನ್ನು ಹೊಡೆದುಕೊಂಡು ಬರುತ್ತಿದ್ದಳು. ದಿನಾ ಕಟ್ಟೆಯ ಮೂಲೆಯಲ್ಲಿ ಕೂತು ಕಾದಂಬರಿ ಕೇಳುವವಳು.

ನಡುಹೊಳೆಗೆ ಬರುವಷ್ಟರಲ್ಲಿ ಮೇಲಿನಿಂದ ಕೆಂಪು ನೀರು ಬಂತು. ಹರಗೋಲು ಎರಡು ಸುತ್ತು ತಿರುಗಿ ಬಂಡೆಗೆ ಬಡಿಯಿತು, ತಳದ ತೊಗಲು ಹರಿಯಿತು. ಆ ಬಂಡೆಯ ಮೇಲೆ ನಾಲ್ಕು ಕಂಬದ ಹಳೆಯ ಮಂಟಪವೊಂದಿದೆ, ಅದಕ್ಕೆ ಏಳು ಮೆಟ್ಟಿಲು. ಅಂಬಿಗ ಮೊದಲು ಅಜ್ಜಿಯನ್ನು, ಆಮೇಲೆ ಆಡನ್ನು, ಕೊನೆಗೆ ನನ್ನನ್ನು ಮೇಲಕ್ಕೆ ಎಳೆದುಹಾಕಿದ. ಹರಗೋಲು ಕಣ್ಣೆದುರೇ ತೇಲಿಹೋಯಿತು. ಮೂರು ಮೆಟ್ಟಿಲು ಆಗಲೇ ಮುಳುಗಿದ್ದವು.

ಅಜ್ಜಿ ಸೆರಗು ಹಿಂಡಿಕೊಂಡು ನನ್ನ ಚೀಲದ ಕಡೆ ನೋಡಿದಳು.

"ಪುಸ್ತಕ ಒದ್ದಿ ಆತೇನ್ರಿ, ಮಾಸ್ತರ?"

೨. ಮೇಜು, ಕುರ್ಚಿ, ಕೊಡೆ

ಕಾದಂಬರಿಯ ವ್ಯಾಪಾರಿಯನ್ನು ನೋಡುವವರು ಒಬ್ಬರೂ ಇರಲಿಲ್ಲ, ಅದೇ ಅವನ ದುಃಖ. ನಮ್ಮನ್ನು ಎರಡು ಸೀಮೆಯ ಜನ ನೋಡುತ್ತಿದ್ದರು. ತಾಸಿನೊಳಗೆ ಎರಡೂ ದಂಡೆ ತುಂಬಿದವು. ನಾನು ಧೋತರದ ತುದಿ ಬೀಸಿದೆ, ಅವರೂ ರುಮಾಲು ಬೀಸಿದರು. ಹೊಳೆಯ ಸದ್ದಿನಲ್ಲಿ ಕೂಗಿದ್ದು ಮಾತ್ರ ಕೇಳುತ್ತಿರಲಿಲ್ಲ.

ಮಧ್ಯಾಹ್ನಕ್ಕೆ ನಮ್ಮ ದಂಡೆಗೆ ಅಮೀನ ಸಾಹೇಬರು ಬಂದರು. ಅಮೀನರೆಂದರೆ ನಮ್ಮ ಠಾಣೆಯ ದೊಡ್ಡವರು. ಜೀವ ಬಂದಂತಾಯಿತು.

"ಇನ್ನ ಹರಗೋಲ ಬಿಡಸ್ತಾರ ನೋಡ್ರಿ," ಅಂದ ಅಂಬಿಗ.

ಇಬ್ಬರು ಜವಾನರು ಹೊತ್ತು ತಂದದ್ದು ಹರಗೋಲನ್ನಲ್ಲ, ಮೇಜನ್ನು. ಆಮೇಲೆ ಕುರ್ಚಿ ಬಂತು. ಆಮೇಲೆ ಒಬ್ಬ ಕೊಡೆ ಹಿಡಿದು ನಿಂತ. ಸಾಹೇಬರು ಕೂತು ಬರೆಯತೊಡಗಿದರು. ಬರೆದರು, ಬರೆದರು, ಹೊತ್ತು ಇಳಿಯುವವರೆಗೆ ಬರೆದರು. ಆಚೆ ದಂಡೆಯಲ್ಲಿ ಕುಂಪಣಿಯ ಹವಾಲ್ದಾರನೊಬ್ಬ ಹಣೆಗೆ ಕೈ ಅಡ್ಡ ಇಟ್ಟುಕೊಂಡು ನಮ್ಮನ್ನು ನೋಡುತ್ತ ನಿಂತಿದ್ದ.

ನಡೆದದ್ದು ಏನೆಂದು ನಮಗೆ ಆಮೇಲೆ ತಿಳಿಯಿತು. ಬಂಡೆ ನಡುಹೊಳೆಯ ಆಚೆಗಿದೆ, ಆದ್ದರಿಂದ ಅದು ಕುಂಪಣಿಯದು ಎಂದು ನಮ್ಮ ಸಾಹೇಬರ ವಾದ. ಜನ ಮೊಗಲಾಯಿಯವರು, ಆದ್ದರಿಂದ ಅವರೇ ಒಯ್ಯಲಿ ಎಂದು ಹವಾಲ್ದಾರನ ವಾದ. ಹೊಳೆ ತುಂಬಿದಾಗ ಬರಹದ ಹುಕುಂ ಇಲ್ಲದೆ ಹರಗೋಲು ಬಿಟ್ಟರೆ ಅಂಬಿಗರಿಗೆ ಜೈಲು. ದಂಡೆಯಲ್ಲಿ ಯಾರು ಕೇಳಿದರೂ ಸಾಹೇಬರದು ಒಂದೇ ಮಾತಂತೆ: "ಮ್ಯಾಲಕ ಕಳಿಸೀನಿ. ಹುಕುಂ ಬರೂತನಾ ಅವ್ರು ಅಲ್ಲೇ ಇರ್ಲಿ."

ಹೊತ್ತು ಇಳಿಯುವಾಗ ಇನ್ನೊಂದು ಮೆಟ್ಟಿಲು ಮುಳುಗಿತು. ಅಜ್ಜಿಯ ಗಂಟಿನಲ್ಲಿದ್ದ ರೊಟ್ಟಿಯನ್ನು ಮೂವರೂ ಹಂಚಿಕೊಂಡು ತಿಂದೆವು. ಆಗಲೇ ಗಾಳಿ ತಿರುಗಿ ನಮ್ಮ ದಂಡೆಯಿಂದ ಎಣ್ಣೆಯ ವಾಸನೆ ಬಂತು. ಕಣ್ಣು ಕಿರಿದು ಮಾಡಿ ನೋಡಿದರೆ, ಸಾಹೇಬರ ಮೇಜಿನ ಹಿಂದೆ ಒಬ್ಬ ಒಲೆ ಹೂಡಿ ಭಜಿ ಕರಿಯುತ್ತಿದ್ದ. ಅವನ ಸುತ್ತ ಜನವೋ ಜನ.

ಅಜ್ಜಿ ಬಹಳ ಹೊತ್ತು ಅತ್ತ ನೋಡಿದಳು. "ಪಾಪ," ಅಂದಳು. "ಮುಂಜಾನಿಂದ ನಮ್ಮನ್ನ ನೋಡಿ ನೋಡಿ ಹಸದಾರ."

೩. ಈಜಿ ಬಂದವನು

ಎರಡನೇ ದಿನ ಬೆಳಗ್ಗೆ ಆಡು ಎರಡು ಮರಿ ಹಾಕಿತು. ಮರಿಗಳು ಕುಡಿದು ಉಳಿದ ಗಿಣ್ಣದ ಹಾಲನ್ನು ಅಜ್ಜಿ ಬೊಗಸೆಯಲ್ಲಿ ಕರೆದು ನಮಗಿಬ್ಬರಿಗೂ ಕುಡಿಸಿದಳು. ಎರಡೇ ಮೆಟ್ಟಿಲು ಉಳಿದಿದ್ದವು. ಅಂಬಿಗ ಮೂಲೆಯಲ್ಲಿ ಕೂತು ತನ್ನ ಹುಟ್ಟನ್ನು ಒರೆಸುತ್ತಿದ್ದ. ಹರಗೋಲು ಹೋಗಿತ್ತು, ಹುಟ್ಟು ಮಾತ್ರ ಕೈಯಲ್ಲಿ ಉಳಿದಿತ್ತು. ನಿನ್ನೆಯಿಂದ ಅವನು ನನ್ನ ಹಟದ ಬಗ್ಗೆ ಒಂದು ಮಾತೂ ಅಂದಿರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ನಮ್ಮ ದಂಡೆಯಿಂದ ಒಬ್ಬ ನೀರಿಗೆ ಬಿದ್ದ. ನಮ್ಮೂರ ಮೀನುಗಾರ. ನಡುವಿಗೆ ಒಣ ಸೋರೆಬುರುಡೆ ಕಟ್ಟಿದ್ದ, ತಲೆಯ ಮೇಲೆ ಗಂಟೊಂದಿತ್ತು. ಸುಳಿಯ ಹತ್ತಿರ ಬಂದವನು ಮುಳುಗಿದ. ಅಂಬಿಗ ಎದ್ದು ನಿಂತ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವನ ತಲೆ ನಾಲ್ಕು ಮಾರು ಕೆಳಗೆ ಎದ್ದಿತ್ತು, ಗಂಟು ಹಾಗೇ ಇತ್ತು. ಅಂಬಿಗ ಹುಟ್ಟು ಚಾಚಿದ, ಅವನು ಹಿಡಿದು ಮೇಲೆ ಬಂದು ಕವುಚಿ ಬಿದ್ದ. ನನಗೆ ಅಳು ಬಂತು. ನಾವು ಮೂವರೂ ಆ ಗಂಟನ್ನೇ ನೋಡುತ್ತಿದ್ದೆವು.

ದಮ್ಮು ಇಳಿದ ಮೇಲೆ ಅವನು ಗಂಟು ಬಿಚ್ಚಿದ. ಮೇಣಬಟ್ಟೆಯೊಳಗೆ ಒಂದು ಹಾಳೆ, ಒಂದು ಪೆನ್ಸಿಲು.

"ಅಮೀನ್ ಸಾಹೇಬ್ರು ಕೊಟ್ಟಾರ್ರಿ. ನಮ್ಮನ್ನ ಪಾರು ಮಾಡ್ರಿ ಅಂತ ನೀವು ಅರ್ಜಿ ಬರೀಬೇಕಂತ. ಉರ್ದೂದಾಗ."

"ರೊಟ್ಟಿ?" ಅಂದೆ.

ಅವನು ತಲೆ ತಗ್ಗಿಸಿದ. "ರೊಟ್ಟಿ ಒಯ್ಯೂ ಹುಕುಂ ಇದ್ದಿಲ್ರಿ."

ಬರೆದೆ. ಜೀವಮಾನದಲ್ಲಿ ಅಷ್ಟು ಚೆಂದ ಉರ್ದು ನಾನು ಬರೆದಿಲ್ಲ. ಅಂಬಿಗ, ಅಜ್ಜಿ ಇಬ್ಬರೂ ಹಳೆಯ ದೀಪಗಳಿಂದ ಕಂಬಕ್ಕೆ ಹತ್ತಿದ್ದ ಮಸಿಗೆ ಹೆಬ್ಬೆರಳು ಒತ್ತಿ ಗುರುತು ಹಾಕಿದರು. ಅವನು ಹಾಳೆಯನ್ನು ತಲೆಗೆ ಕಟ್ಟಿಕೊಂಡು, ನೀರಿಗೆ ಇಳಿಯುವ ಮುನ್ನ ತಿರುಗಿ ನಿಂತ.

"ಮರತಿದ್ದೆ ನೋಡ್ರಿ. ಪಾರಾದ್ನೋ ಇಲ್ಲೋ ಅಂತ ಗೌಡ್ರು ಕೇಳ್ಯಾರ."

"ಯಾರು, ನಾನೋ?"

"ನೀವಲ್ರಿ. ಪುಸ್ತಕದಾಗಿನವ."

೪. ಮುಕಾಂ

ಹೆದರಿಕೆ ಮರೆಯಲು ನಾನು ಎರಡನೇ ಭಾಗ ತೆರೆದು ಓದತೊಡಗಿದೆ. ಅಜ್ಜಿ ಒಂದು ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. ಕೊನೆಯ ಅಧ್ಯಾಯಕ್ಕೆ ಬಂದಾಗ ದೂರದ ಹಡಗಿನ ಕಪ್ತಾನ ಹೊಗೆ ನೋಡುತ್ತಾನೆ. ಕೂಡಲೇ ದೋಣಿ ಇಳಿಸುತ್ತಾನೆ. ಊಟದ ಹೊತ್ತಿಗೆ ವ್ಯಾಪಾರಿ ಹಡಗಿನಲ್ಲಿ ಬಿಸಿ ಗಂಜಿ ಕುಡಿಯುತ್ತಿರುತ್ತಾನೆ.

ಅಂಬಿಗ ತಡೆದ. "ಯಾವ ಸೀಮ್ಯಾವ ಅಂತ ಕೇಳಲಿಲ್ಲೇನ್ರಿ ಕಪ್ತಾನ?"

"ಇಲ್ಲ."

"ಅರ್ಜಿ?"

"ಇಲ್ಲ."

"ಮ್ಯಾಲಕ ಕಳಿಸಿ ಕೇಳಲಿಲ್ಲ?"

"ಇಲ್ಲಪ್ಪ. ನೋಡಿದ, ಬಂದ, ಹತ್ತಿಸಿಕೊಂಡ."

ಅಂಬಿಗ ಉಸಿರು ಬಿಟ್ಟು ಕಂಬಕ್ಕೆ ಒರಗಿದ. "ಅದಕ್ಕ ಕಾದಂಬರಿ ಅಂತಾರ್ರಿ ಅದಕ್ಕ."

ಇಳಿಹೊತ್ತಿಗೆ ಮೀನುಗಾರ ಮತ್ತೆ ಜೀವದ ಹಂಗು ತೊರೆದು ಈಜಿ ಬಂದ. ತಂದದ್ದು ನನ್ನದೇ ಅರ್ಜಿ. ಮುಕಾಂ, ಅಂದರೆ ಅರ್ಜಿದಾರ ಇರುವ ಜಾಗ, ಎನ್ನುವಲ್ಲಿ ನಾನು ಏನೂ ಬರೆದಿರಲಿಲ್ಲ. ಸಾಹೇಬರು ಅದಕ್ಕೆ ಕೆಂಪು ಗೆರೆ ಹೊಡೆದು ತುಂಬಿ ಕಳಿಸಿರಿ ಎಂದಿದ್ದರು.

ಮರೆತು ಬಿಟ್ಟದ್ದಲ್ಲ ಅದು, ಹೆದರಿ ಬಿಟ್ಟದ್ದು. ಮುಕಾಂ ಮೊಗಲಾಯಿ ಎಂದರೆ ಬಂಡೆ ನಮ್ಮದೆಂದು ಸಾಹೇಬರು ಒಪ್ಪಬೇಕು, ಅವರು ಒಪ್ಪುವವರಲ್ಲ. ಕುಂಪಣಿ ಎಂದರೆ ಅರ್ಜಿಯನ್ನು ಅಲ್ಲಿಗೇ ಕೊಡಿರಿ ಎನ್ನುತ್ತಾರೆ. ಒಂದು ಶಬ್ದ ತಪ್ಪಿದರೆ ಮೂರು ಜೀವ ಹೋಗುತ್ತವೆ. ಆಗ ಒಂದೇ ಮೆಟ್ಟಿಲು ಉಳಿದಿತ್ತು. ಒತ್ತಿ ಹಿಡಿದದ್ದಕ್ಕೆ ಪೆನ್ಸಿಲಿನ ಮೊನೆ ಮುರಿಯಿತು. ಹಲ್ಲಿನಿಂದ ಕಚ್ಚಿ ಸರಿಮಾಡಿಕೊಂಡೆ.

"ಏನ್ ಬರೀಲಿ ಯವ್ವಾ?" ಎಂದು ಅಜ್ಜಿಯನ್ನು ಕೇಳಿದೆ. ಹನ್ನೆರಡು ವರ್ಷ ಮಾಸ್ತರಿಕೆ ಮಾಡಿದವನು ಅಕ್ಷರ ಬರದವಳನ್ನು ಕೇಳಿದೆ.

ಅಜ್ಜಿ ಈಚೆ ದಂಡೆ ನೋಡಿದಳು, ಆಚೆ ದಂಡೆ ನೋಡಿದಳು.

"ಎರಡೂ ದಂಡೀಗೆ ಕಾಣ್ತೀವಿ ಅಂತ ಬರೀರಿ."

ಹಾಗೇ ಬರೆದು ಕಳಿಸಿದೆ.

೫. ಯಾರ ಹುಕುಂ

ಮೂರನೇ ದಿನ ಬೆಳಕು ಹರಿದಾಗ ಮೆಟ್ಟಿಲು ಕಾಣಲಿಲ್ಲ. ಮಂಟಪದ ನೆಲಕ್ಕೆ ನೀರು ಬಂದಿತ್ತು, ಪಾದ ತೊಯ್ಯುತ್ತಿದ್ದವು. ಅಜ್ಜಿ ಮರಿಗಳನ್ನು ಮಡಿಲಲ್ಲಿ ಕಟ್ಟಿಕೊಂಡಿದ್ದಳು. ಅಂಬಿಗ ತನ್ನ ರುಮಾಲು ಹರಿದು ನಮ್ಮನ್ನು ಒಂದೊಂದು ಕಂಬಕ್ಕೆ ಕಟ್ಟುತ್ತಿದ್ದ. ನಾನು ಅವನ ಕೈ ಹಿಡಿದು, ತಪ್ಪಾಯಿತಪ್ಪ ಅಂದೆ. ಅವನು, "ನೀವು ಮ್ಯಾಲಿನ ಗಂಟು ಬಿಗಿಯಾಗಿ ಹಿಡೀರಿ," ಅಂದನಷ್ಟೆ.

ಆಗ ಮೇಲುಗಡೆಯಿಂದ ಒಂದು ಹರಗೋಲು ತಿರುಗುತ್ತ ತಿರುಗುತ್ತ ಬಂತು. ಒಳಗಿದ್ದವಳು ಅಂಬಿಗನ ಹೆಂಡತಿ, ಒಬ್ಬಳೇ. ಎರಡು ದಿನ ಸಾಹೇಬರ ಮೇಜಿನ ಮುಂದೆ ಕೈ ಮುಗಿದು ನಿಂತವಳು, ಮೂರನೇ ದಿನ ನಸುಕಿನಲ್ಲೇ ಹಿತ್ತಲಿನ ಹಳೆ ಹರಗೋಲನ್ನು ತಲೆಯ ಮೇಲೆ ಕವುಚಿಕೊಂಡು, ಯಾರ ಕಣ್ಣಿಗೂ ಬೀಳದೆ ಒಂದು ಹರದಾರಿ ಮೇಲಕ್ಕೆ ನಡೆದುಹೋಗಿ, ಅಲ್ಲಿಂದ ನೀರಿಗೆ ಬಿಟ್ಟಿದ್ದಳು. ಹಗ್ಗ ಎಸೆದಳು. ಅಂಬಿಗ ಕಂಬಕ್ಕೆ ಸುತ್ತಿದ.

ಇಷ್ಟೆಲ್ಲ ಆದ ಮೇಲೂ ಅವನ ಬಾಯಿಂದ ಬಂದ ಮೊದಲ ಮಾತು: "ಯಾರ ಹುಕುಂ ತಗೊಂಡು ಬಂದಿ?"

"ದಿನಾ ಮನಿಗೆ ಉಣ್ಣಾಕ ಬರ್ತಿಯಲ್ಲ, ಯಾರ ಹುಕುಂ ತಗೊಂಡು ಬರ್ತಿ? ಕುಂದ್ರು."

ಸೆಳವು ನಮ್ಮನ್ನು ಕುಂಪಣಿ ದಂಡೆಗೆ ಒಯ್ದಿತು. ನೆಲ ಮುಟ್ಟಿದ ಕೂಡಲೇ ನಾನು ಮಣ್ಣಿನ ಮೇಲೆ ಬಿದ್ದು ಅತ್ತೆ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಹವಾಲ್ದಾರ ತನ್ನ ದಾಖಲೆ ಪುಸ್ತಕ ಬಿಚ್ಚಿ ನಮ್ಮನ್ನು ಎಣಿಸಿದ. ಆಡಿನ ಹತ್ತಿರ ನಿಂತ.

"ಹೋಗುವಾಗ ಒಂದು ಆಡು ಇತ್ತು. ಈ ಮರಿ ಹುಟ್ಟಿದ್ದು ಯಾವ ಸೀಮ್ಯಾಗ?"

"ಹುಟ್ಟುವಾಗ ಅವು ನನ್ನ ಕೇಳಲಿಲ್ರಿ," ಅಂದಳು ಅಜ್ಜಿ. "ನೀವ ಕೇಳಿ ನೋಡ್ರಿ."

೬. ಎರಡನೇ ಸಲ

ದಸರೆ ಮುಗಿದು ಹೊಳೆ ಇಳಿದಿತ್ತು. ಒಂದು ದಿನ ಅಮೀನ ಸಾಹೇಬರು ಸಾಲೆಗೆ ಬಂದರು. ಕೈಯಲ್ಲಿ ಮೇಲಿನಿಂದ ಬಂದ ಹುಕುಂ. ಅರ್ಜಿದಾರರನ್ನು ಬಂಡೆಯಿಂದ ಪಾರು ಮಾಡಲು ಮಂಜೂರಾಗಿದೆ, ಹರಗೋಲು ಬರುವವರೆಗೆ ಅರ್ಜಿದಾರರು ಆ ಸ್ಥಳ ಬಿಟ್ಟು ಕದಲಕೂಡದು, ಎಂದಿತ್ತು.

"ಮಾಸ್ತರ್ ಸಾಬ್," ಅಂದರು ಬಹಳ ಸಂಕೋಚದಿಂದ, "ಕಾಗದ ಬಂದ್ ಆಗಬೇಕಲ್ರಿ. ಅರ್ಧಾ ತಾಸು ಅಲ್ಲಿ ಕುಂತು ಬರೂಣು."

ಹೋದೆವು. ಕಾದಂಬರಿಯವನು ಪಾರಾದದ್ದು ಒಂದೇ ಸಲ, ನಮಗೆ ಎರಡನೆಯದೂ ಬರೆದಿತ್ತು. ನಾನು, ಅಜ್ಜಿ, ಅವಳ ಆಡು, ಬೆಳೆದ ಎರಡು ಮರಿ, ಅಂಬಿಗ. ಹುಟ್ಟು ಹಾಕುವವಳು ಅವನ ಹೆಂಡತಿ. ಪಂಚನಾಮೆ ಮಾಡಲು ಸಾಹೇಬರೂ ಬಂದರು.

ಬಂಡೆಯ ಮೇಲೆ ಸಾಹೇಬರು, "ನೀರು ಎಲ್ಲೀತನಾ ಬಂದಿತ್ತು?" ಎಂದು ಕೇಳಿದರು. ಅಜ್ಜಿ ಕಂಬದ ಬುಡದ ಕೆಸರಿನ ಗೆರೆ ತೋರಿಸಿದಳು. ಸಾಹೇಬರು ಏಳೂ ಮೆಟ್ಟಿಲು ಇಳಿದರು. ಕೆಳಗೆ ನಿಂತು ತಲೆಯೆತ್ತಿ ಆ ಗೆರೆಯನ್ನು ನೋಡಿದರು. ಮತ್ತೆ ನಿಧಾನವಾಗಿ ಹತ್ತಿ ಬಂದರು. ಮುಖ ಬಾಡಿತ್ತು.

"ದಂಡಿಗೆ ಕುಂತ್ರ ಈ ಮೆಟ್ಲು ಕಾಣಲಿಲ್ರಿ ನನಗ," ಅಂದರು. ಅದು ನಿಜವೇ ಇರಬೇಕು. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಉಳಿದರ್ಧ ಇಳಿಸಿದವಳು ಅಂಬಿಗನ ಹೆಂಡತಿ. ಸಾಹೇಬರು ಕಂಬಕ್ಕೆ ಒರಗಿ ಪಂಚನಾಮೆ ಬರೆದು ಮುಗಿಸುವಷ್ಟರಲ್ಲಿ ಅವಳು ನಮ್ಮನ್ನೆಲ್ಲ, ಆಡು ಮರಿ ಸಹಿತ, ಹರಗೋಲಿಗೆ ಹತ್ತಿಸಿ ಒಂದು ಮಾರು ಆಚೆಗೆ ತಳ್ಳಿದ್ದಳು.

"ನಾನು?" ಅಂದರು ಸಾಹೇಬರು.

ಅವಳು ಹುಟ್ಟಿನ ಅಗಲವಾದ ತುದಿಯನ್ನು ಅವರ ಕಡೆ ಚಾಚಿದಳು. "ಅರ್ಜಿ ಇಡ್ರಿ ಸಾಹೇಬ್ರ."

ಸಾಹೇಬರು ನಕ್ಕರು. ಅವಳು ನಗಲಿಲ್ಲ. ಅವರು ನೀರಿನ ಕಡೆ ನೋಡಿದರು. ಈಜು ಬಾರದ ಮನುಷ್ಯ. ಕೊನೆಗೆ ಒಂದು ಹಾಳೆ ಹರಿದು, ಮೊಣಕಾಲಿನ ಮೇಲೆ ಇಟ್ಟುಕೊಂಡು ಬರೆಯತೊಡಗಿದರು. ಒಂದು ಕಡೆ ಬಂದು ಪೆನ್ಸಿಲು ನಿಂತಿತು.

"ಮಾಸ್ತರ್ ಸಾಬ್, ಮುಕಾಂ ಅನ್ನೂ ಕಡೆ ನೀವು ಏನ್ ಬರದಿದ್ರಿ?"

ಹೇಳಿದೆ. ಒಂದು ಕ್ಷಣ ನನ್ನನ್ನೇ ನೋಡಿ, ತಲೆ ಬಗ್ಗಿಸಿ ಅದನ್ನೇ ಬರೆದು ಹುಟ್ಟಿನ ಮೇಲೆ ಇಟ್ಟರು.

ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ, ಅವರು ನೋಡುವಷ್ಟೇ ನಿಧಾನವಾಗಿ ನೋಡಿದಳು. ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹುಟ್ಟು ಹಾಕಿ ಹರಗೋಲನ್ನು ಊರ ಕಡೆ ತಿರುಗಿಸಿದಳು.

"ಮ್ಯಾಲಕ ಕಳಸ್ತೀನ್ರಿ ಸಾಹೇಬ್ರ. ಹುಕುಂ ಬರೂತನಾ ಅಲ್ಲೇ ಇರ್ರಿ."