ಮಾಸ್ತರ ಬಿಳಿ ಕಾರು, ನನ್ನ ಕಾಣದ ಮಾಲು

ಅಂಗಡಿಯಲ್ಲಿ ಕುಂತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಗಿರಾಕಿಯ ಬೆನ್ನು ಹತ್ತಿ ಅದೇ ಬರುತ್ತದೆ. ಅದರಲ್ಲೂ ಹೊಸ ಕಾರು ಕೊಂಡ ಗಿರಾಕಿ ಒಬ್ಬನೇ ಬರುವುದಿಲ್ಲ. ಹೆಂಡತಿ, ಸಡ್ಡಕ, ಓಣಿಯ ಇಬ್ಬರು ಶಾಣ್ಯಾರು, ಇವರೆಲ್ಲರ ಗೊಂದಲ, ಎಲ್ಲವೂ ಒಂದೇ ಗಾಡಿಯಲ್ಲಿ ಬಂದಿಳಿಯುತ್ತವೆ.

ಹುಮನಾಬಾದಿನ ಹೈವೇ ಮೇಲೆ ನನ್ನ ಅಂಗಡಿ. ಮೊದಲು ಮಳೆಗೆ ಹೊದಿಸುವ ತಾಡಪತ್ರಿ, ಹಗ್ಗ, ಗೋಣಿಚೀಲ ಮಾರುತ್ತಿದ್ದೆ. ಊರಲ್ಲಿ ಕಾರು ಹೆಚ್ಚಾದ ಮೇಲೆ ಸೀಟ್ ಕವರ್, ಮ್ಯಾಟು ಇಟ್ಟೆ. ಈಚೆಗೆ ಹೊಸ ಕಾರಿನ ಬಣ್ಣ ಕಾಯುವ ಕೋಟಿಂಗ್ ಶುರು ಮಾಡಿದೆ. ಆಗ ಆದ ಫಜೀತಿ ಇದು.

೧. ಕಾಣದ ಮಾಲು

ಹೈದರಾಬಾದಿನಲ್ಲಿ ಕೆಲಸ ಕಲಿತ ಒಬ್ಬ ಕಾರೀಗಾರನನ್ನು ಇಟ್ಟುಕೊಂಡೆ. ಅವನು ಗಾಡಿ ತೊಳೆದು, ಮಷಿನ್ನಿನಿಂದ ಉಜ್ಜಿ, ಸಣ್ಣ ಬಾಟಲಿಯ ಎಣ್ಣೆಯಂಥದ್ದೇನೋ ಸವರುತ್ತಾನೆ. ಅದು ಒಣಗಿ ಗಾಜಿನ ಪದರದ ಹಾಗೆ ಕೂರುತ್ತದೆ. ಧೂಳು ಅಂಟುವುದಿಲ್ಲ, ನೀರು ನಿಲ್ಲುವುದಿಲ್ಲ, ಬಿಸಿಲಿಗೆ ಬಣ್ಣ ಮಾಸುವುದಿಲ್ಲ. ಎಲ್ಲ ಸರಿ, ಆದರೆ ಆ ಪದರ ಕಣ್ಣಿಗೆ ಕಾಣುವುದಿಲ್ಲ.

ತಾಡಪತ್ರಿಯನ್ನು ಗಿರಾಕಿ ಎಳೆದು ನೋಡುತ್ತಾನೆ. ಹಗ್ಗವನ್ನು ಮೊಣಕಾಲಿಗೆ ಹಾಕಿ ಜಗ್ಗುತ್ತಾನೆ. ಇದನ್ನು ಏನು ಮಾಡಿ ನೋಡಬೇಕು? ಬಂದವರೆಲ್ಲ ಬೆರಳಾಡಿಸಿ, ಬೆರಳನ್ನೇ ನೋಡಿಕೊಂಡು, ಮ್ಯಾಟು ಕೊಂಡು ಹೋಗುತ್ತಿದ್ದರು. ಮಷಿನ್ ತಂದಾಗಿತ್ತು, ಗಾಜಿನ ಕೋಣೆ ಕಟ್ಟಿಸಿಯಾಗಿತ್ತು. ಅದರೊಳಗೆ ಕಾರೀಗಾರ ಒಬ್ಬನೇ ಕುಂತು ಚಹಾ ಕುಡಿಯುತ್ತಿದ್ದ.

ಅಂಥ ಹೊತ್ತಿನಲ್ಲಿ ಬಸವಕಲ್ಯಾಣದ ಹೆಡ್‌ಮಾಸ್ತರು ಹೊಸ ಬಿಳಿ ಕಾರು ತೆಗೆದುಕೊಂಡ ಸುದ್ದಿ ಬಂತು. ಆ ಊರಲ್ಲಿ ಮಿಕ್ಸರ್ ಕೊಳ್ಳುವವರೂ ಮೊದಲು ಮಾಸ್ತರರನ್ನು ಕೇಳುತ್ತಾರೆ. ಅವರ ಕಾರು ಹೊಳೆದರೆ ಎರಡು ತಾಲ್ಲೂಕಿನ ಕಾರುಗಳು ನನ್ನ ಅಂಗಡಿಗೆ ಬಂದ ಹಾಗೆ. ಕೆಟ್ಟರೆ ಗಾಜಿನ ಕೋಣೆಯಲ್ಲಿ ಮತ್ತೆ ಗೋಣಿಚೀಲ ಒಟ್ಟಬೇಕು. ನಾನೇ ಹೋಗಿ ಮಾತಾಡಿದೆ. ಅವರು ಕನ್ನಡಕ ಏರಿಸಿ ಎಲ್ಲ ಕೇಳಿಸಿಕೊಂಡರು.

“ಸಾವ್ಕಾರ್ರ, ಕಾಣಲಾರದ ವಸ್ತು ಮಾರೂದು ಇನ್ಶೂರೆನ್ಸ್‌ನವರ ಕೆಲಸ. ಅವರರ ಒಂದು ಕಾಗದ ಕೊಡ್ತಾರ.”

೨. ಜಳಕ

ಹೇಗೋ ಒಪ್ಪಿದರು. ನಾಳೆ ಗಾಡಿ ಹಾಗೇ ತನ್ನಿರಿ, ತೊಳೆಯುವುದೆಲ್ಲ ನಮ್ಮದು ಎಂದು ಹೇಳಿ ಬಂದೆ. ‘ಹಾಗೇ’ ಎನ್ನುವ ಮಾತು ಮಾಸ್ತರರಿಗೆ ಹೇಳಿದ್ದೆ. ಅವರ ಹೆಂಡತಿಗೆ ಹೇಳಿರಲಿಲ್ಲ.

ಮರುದಿನ ಕಾರು ಬಂತು, ಜೊತೆಗೆ ಮಾಸ್ತರ ಹೆಂಡತಿಯೂ ಬಂದರು. ಕಾರೀಗಾರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನನ್ನು ಕೋಣೆಗೆ ಕರೆದ. ಟ್ಯೂಬ್‌ಲೈಟಿನ ಬೆಳಕಲ್ಲಿ ನೋಡಿದರೆ ಮೈತುಂಬ ಸಣ್ಣ ಸಣ್ಣ ಸುತ್ತು ಗೆರೆ, ರೊಟ್ಟಿ ಹಂಚು ತಿಕ್ಕಿದ ಹಾಗೆ. ಮುಂದಿನ ಕಂಪನಿ ಗುರುತು ಮಾತ್ರ ದೇವರ ಮುಂದಿನ ಹಿತ್ತಾಳೆ ದೀಪದ ಸಮೆಯ ಹಾಗೆ ಝಗಝಗ ಎನ್ನುತ್ತಿತ್ತು.

ಮಾಸ್ತರ ಹೆಂಡತಿಯನ್ನು ಕೇಳಿದೆ. ಅಕ್ಕಾವರು ಸಂಕೋಚವಿಲ್ಲದೆ ಹೇಳಿದರು. ಮುಂಜಾನೆ ಎದ್ದು ಇಡೀ ಗಾಡಿಗೆ ಸಬೀನಾ ಪುಡಿ ಹಾಕಿ, ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕಿದ್ದರು. ಗುರುತಿಗೆ ಹುಣಸೆಹಣ್ಣು ಹಚ್ಚಿದ್ದರು. ತೊಳೆಯುವುದು ನಮ್ಮ ಕೆಲಸ ಎಂದು ಮಾಸ್ತರರಿಗೆ ಹೇಳಿದ್ದೆನಲ್ಲ ಎಂದೆ.

“ಅಯ್ಯ, ಡಾಕ್ಟರ ಕಡಿ ಹೋಗೋ ಮುಂದ ಜಳಕ ಮಾಡಲಾರದ ಹೋಗ್ತಾರೇನ್ರಿ ಅಣ್ಣಾರ? ನೋಡಿದವರು ನಮ್ಮ ಮನಿತನಕ್ಕ ಏನಂತಾರ?”

ಕಾರೀಗಾರ ಎರಡು ದಿನ ಉಜ್ಜಿ ಗೆರೆ ತೆಗೆದ. ಅಕ್ಕಾವರು ಹೊಳಪು ನೋಡಿ, ಸಬೀನಾ ಚಲೋದು, ಪುಡಿ ಯಾವಾಗಲೂ ಅದನ್ನೇ ತರಬೇಕು ಎಂದು ಗಂಡನಿಗೆ ಹೇಳಿದರು.

೩. ಪೂಜೆ ಯಾರಿಗೆ?

ಕೋಟಿಂಗ್ ಹೊಡೆದು ಕಳಿಸುವಾಗ ಕಾರೀಗಾರ ಒಂದೇ ಮಾತು ಹೇಳಿದ. ಒಂದು ವಾರ ಬಣ್ಣಕ್ಕೆ ನೀರು ಬೀಳಬಾರದು, ಪುಡಿ ಗಿಡಿ ಏನೂ ತಾಗಬಾರದು. ಮಾಸ್ತರು ತಲೆಯಾಡಿಸಿ ಹೋದರು. ಮನೆಗೆ ಹೋದರೆ ಅಲ್ಲಿ ಹೊಸ ಗಾಡಿಯ ಪೂಜೆಗೆ ಅಯ್ಯನವರು ಬಂದು ಕುಂತಿದ್ದಾರೆ. ಓಣಿಯ ಹೆಂಗಸರು ಅರಿಶಿಣ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

ನನಗೆ ಮಾಸ್ತರ ಫೋನ್ ಬಂತು. ವಿಭೂತಿ ನಡೆಯುತ್ತದೆಯೇ? ಕಾರೀಗಾರನನ್ನು ಕೇಳಿ ಇಲ್ಲ ಎಂದೆ. ಒಣ ಕುಂಕುಮ? ಇಲ್ಲ. ಕಾಯಿ ಒಡೆದ ನೀರು? ಅದಂತೂ ಇಲ್ಲವೇ ಇಲ್ಲ. ಹಾಗಾದರೆ ಬಾನೆಟ್ ಮೇಲೆ ಪೇಪರ್ ಹಾಸಿ ಅದರ ಮೇಲೆ ಪೂಜೆ ಮಾಡಿರಿ ಎಂದು ವ್ಯಾಪಾರದ ಬುದ್ಧಿ ಓಡಿಸಿದೆ. ಅಯ್ಯನವರು ಫೋನಿಗೆ ಕೇಳುವ ಹಾಗೆ ಹೇಳಿದರು.

“ಪೇಪರ್ ಮ್ಯಾಲ ಮಾಡಿದ್ರ ಪೂಜಿ ಪೇಪರಿಗೆ ಮುಟ್ತದ. ನಾಳೆ ಗಾಡಿಗೆ ಏನರ ಆದ್ರ ಪೇಪರಿನವರನ್ನ ಕೇಳ್ರಿ.”

ಕೊನೆಗೆ ಕಾರೀಗಾರನೇ ದಾರಿ ತೋರಿಸಿದ. ಬಣ್ಣಕ್ಕೆ ಬೇಡ, ಮುಂದಿನ ಗಾಜಿಗೆ ಏನು ಬೇಕಾದರೂ ಹಚ್ಚಲಿ. ಎಲ್ಲರಿಗೂ ಸಮಾಧಾನ. ಬಾನೆಟ್ಟಿಗೆ, ಬಾಗಿಲಿಗೆ, ಡಿಕ್ಕಿಗೆ ಹಂಚಿಹೋಗಬೇಕಿದ್ದ ವಿಭೂತಿ, ಅರಿಶಿಣ, ಕುಂಕುಮ ಎಲ್ಲ ಒಂದೇ ಗಾಜಿನ ಮೇಲೆ ಬಿತ್ತು. ಓಣಿ ದೊಡ್ಡದು, ಹೆಂಗಸರು ಬಹಳ. ಅದಾದ ಮೇಲೆ ಗಾಡಿ ಗುಡಿಗೆ ಹೋಗಿ ಬರಬೇಕು. ಮಾಸ್ತರು ಒಳಗೆ ಕುಂತು ನೋಡಿದರೆ ಹೊರಗಿನ ಲೋಕವೆಲ್ಲ ಕೆಂಪಗೆ. ವೈಪರ್ ಹಾಕಲು ಕೈ ಒಯ್ದರೆ ಹೆಂಡತಿ ಆ ಕೈ ಹಿಡಿದು, ಹಚ್ಚಿದ ಕುಂಕುಮ ಹಚ್ಚಿದ ಗಳಿಗೆಗೇ ಒರೆಸುತ್ತಾರೆಯೇ ಎಂದರಂತೆ.

ಮಾಸ್ತರು ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ, ಎಮ್ಮೆ ನಡೆದ ಹಾಗೆ ಗಾಡಿ ನಡೆಸಿಕೊಂಡು ಗುಡಿಗೆ ಹೋಗಿ ಬಂದರು. ದಾರಿಯಲ್ಲಿ ಶಿಷ್ಯರೆಲ್ಲ ನಮಸ್ಕಾರ ಮಾಡಿದರು. ಯಾಕೆ ಸರ್ ಹೀಗೆ ಎಂದು ಕೇಳಿದವರಿಗೆ, ಎ.ಸಿ. ಗಾಳಿ ಮೈಗೆ ಒಳ್ಳೆಯದಲ್ಲ ಎಂದರಂತೆ.

೪. ಹೊದಿಕೆ

ವಾರ ಕಳೆಯಿತು, ತಿಂಗಳು ಕಳೆಯಿತು. ಬಸವಕಲ್ಯಾಣದಿಂದ ಒಂದು ನರಪಿಳ್ಳೆಯೂ ವಿಚಾರಿಸಲಿಕ್ಕೆ ಬರಲಿಲ್ಲ. ಮಾಸ್ತರ ಕಾರು ನೋಡಿ ಜನ ಏನೂ ಅನ್ನುವುದಿಲ್ಲವೇ ಎಂದು ಗಾಬರಿಯಾಗಿ ಅವರ ಊರಿಗೆ ಹೋದೆ. ಮಾಸ್ತರು ಎದುರಿಗೇ ಸಿಕ್ಕರು, ಹಳೆಯ ಸ್ಕೂಟರ್ ಮೇಲೆ, ತಲೆ ತುಂಬ ಧೂಳು. ಕಾರು ಎಲ್ಲಿ ಎಂದೆ. ಮನೆಯಲ್ಲಿದೆ ಎಂದರು. ಯಾಕೆ ತರಲಿಲ್ಲ ಎಂದೆ.

“ಧೂಳು ನೋಡ್ರಿ ಎಷ್ಟದ. ಹೊಲಸ್ ಆಗಂಗಿಲ್ಲೇನು?”

ಧೂಳು ಅಂಟಬಾರದೆಂದೇ ಕೋಟಿಂಗ್ ಹೊಡೆದದ್ದಲ್ಲವೇ ಎಂದೆ. ಅದಕ್ಕೇ ಜೋಪಾನ ಮಾಡಿದ್ದೇವೆ, ಕೋಟಿಂಗ್ ಹಾಳಾಗಬಾರದಲ್ಲ ಎಂದರು. ಮನೆಗೆ ಹೋಗಿ ನೋಡಿದೆ. ಕಾರಿಗೆ ಕವರ್ ಹಾಕಿದ್ದರು. ಕವರಿನ ಮೇಲೆ ಅಕ್ಕಾವರ ಹಳೆಯ ಇಳಕಲ್ ಸೀರೆಗಳ ಕೌದಿ ಹೊದಿಸಿದ್ದರು. ಕೌದಿ ಯಾಕೆ ಎಂದರೆ, ಕವರ್ ಹೊಸದು, ಮಾಸಬಾರದು ಎಂದರು. ನನ್ನ ಜಾಹೀರಾತು ಎರಡು ಹೊದಿಕೆಯ ಕೆಳಗೆ ಮಲಗಿತ್ತು.

ಅರ್ಧ ದಿನ ಬೇಡಿಕೊಂಡೆ. ಇನ್ನು ಮೇಲೆ ಕಾರಿನಲ್ಲೇ ಶಾಲೆಗೆ ಹೋಗುವುದಾಗಿ ಮಾಸ್ತರು ಮಾತು ಕೊಟ್ಟರು. ಅಷ್ಟರಲ್ಲಿ ಅಕ್ಕಾವರು ಮತ್ತೊಂದು ಕೇಳಿದರು, ಮಳೆ ಬಂದರೆ ಕೌದಿ ತೋಯುವುದಿಲ್ಲವೇ? ನಾನು ವ್ಯಾಪಾರಿ. ವಾದ ಮಾಡಲಿಲ್ಲ. ಕೌದಿಗೊಂದು ತಾಡಪತ್ರಿ ಮಾರಿ ಬಂದೆ.

೫. ಕಪ್ಪು ಚುಕ್ಕಿ

ಕಾರು ಹೊರಗೆ ಬಂತು, ಜನ ನೋಡಿದರು. ಬಸವಕಲ್ಯಾಣದಿಂದ, ಮನ್ನಾಏಖೇಳ್ಳಿಯಿಂದ ಫೋನ್ ಬರಹತ್ತಿದವು. ಕಾರೀಗಾರ ಚಹಾದ ಲೋಟ ಬದಿಗಿಟ್ಟ. ಆಗ ಮಾಸ್ತರ ಫೋನ್ ಬಂತು. ದನಿ ಸಣ್ಣಗಾಗಿತ್ತು. ಬಾನೆಟ್ಟಿನ ಎಡಮೂಲೆಗೆ ಒಂದು ಕಪ್ಪು ಚುಕ್ಕಿ ಎದ್ದಿದೆ ಎಂದರು.

ತರಿಸಿ ನೋಡಿದೆವು. ಕಾರೀಗಾರ ಬಟ್ಟೆಯಿಂದ ಒಮ್ಮೆ ಸವರಿದ, ಹೋಯಿತು. ಡಾಂಬರು ಸಿಡಿದಿರಬೇಕು ಎಂದ. ಮರುದಿನ ಮತ್ತೆ ಫೋನ್. ಅದೇ ಜಾಗ, ಅದೇ ಕಪ್ಪು, ನಿನ್ನೆಗಿಂತ ಸ್ವಲ್ಪ ದೊಡ್ಡದು. ಒರೆಸಿದರೆ ಹೋಗುತ್ತದೆ, ಬೆಳಗಾದರೆ ಬರುತ್ತದೆ, ಬರುವಾಗ ಬೆಳೆದು ಬರುತ್ತದೆ. ಮಾಸ್ತರು ವಿಜ್ಞಾನ ಕಲಿಸುವವರು. ಒಳಗಿನ ತಗಡು ಉಸಿರಾಡಲು ಆಗದೆ ಹೀಗೆ ಹೊರಗೆ ಹಾಕುತ್ತಿದೆ ಎಂದರು. ಕಾರೀಗಾರ ಹೈದರಾಬಾದಿನ ತನ್ನ ಉಸ್ತಾದನಿಗೆ ಫೋನ್ ಮಾಡಿದ. ಅವನು ನೀರು ಸರಿಯಿಲ್ಲ ಎಂದ. ಎರಡು ದಿನ ಗಾಡಿಯನ್ನು ನನ್ನ ಅಂಗಡಿಯಲ್ಲೇ ನಿಲ್ಲಿಸಿಕೊಂಡೆ. ಚುಕ್ಕಿ ಬರಲಿಲ್ಲ. ಮನೆಗೆ ಕಳಿಸಿದೆ, ಎಂಟಾಣೆ ಗಾತ್ರ ಬಂತು.

ಫೋನ್ ಮಾಡಿದ್ದ ಗಿರಾಕಿಗಳು ಈಗ ನಾನು ಮಾಡಿದರೂ ಎತ್ತಲಿಲ್ಲ. ಗಾಡಿಗೆ ಕಪ್ಪು ರೋಗ ಬರುತ್ತದಂತೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಮಾತಾಡಹತ್ತಿದ್ದರು. ಗೋಣಿಚೀಲದ ಮಂದಿಗೆ ಮತ್ತೆ ಹೇಳಿ ಕಳಿಸುವ ವಿಚಾರ ಮಾಡಿದೆ. ಅದಕ್ಕೂ ಮೊದಲು ಒಮ್ಮೆ ಕಣ್ಣಾರೆ ನೋಡೋಣ ಎಂದು ಒಂದು ಮುಂಜಾನೆ ಮಾಸ್ತರ ಮನೆಗೆ ಹೋಗಿ, ಅವರ ಜೊತೆ ಕಟ್ಟೆಯ ಮೇಲೆ ಕಾರಿಗೆ ಮುಖ ಮಾಡಿ ಕುಂತೆ.

ಮಾಸ್ತರ ತಾಯಿ ಜಳಕ ಮುಗಿಸಿ ಹೊರಗೆ ಬಂದರು. ವಯಸ್ಸಾದ ಹೆಣ್ಣುಮಗಳು, ಕೈಯಲ್ಲಿ ಕಾಡಿಗೆ ಡಬ್ಬಿ. ಬಾಗಿಲಲ್ಲಿ ಆಡುತ್ತಿದ್ದ ಮೊಮ್ಮಗಳ ಗಲ್ಲಕ್ಕೆ ಒಂದು ಬೊಟ್ಟು ಇಟ್ಟರು. ಹಾಗೇ ಮುಂದೆ ನಡೆದು, ಅದೇ ಬೆರಳಿನಿಂದ, ಕಾರಿಗೂ ಒಂದು ಇಟ್ಟರು.

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ನಾನೇ ಕೇಳಿದೆ, ಇದೇನು ಆಯಿ ಎಂದು.

“ಇಷ್ಟು ಥಳಥಳ ಮಾಡಿ ಓಣ್ಯಾಗ ನಿಲ್ಸೀದಿ. ದೃಷ್ಟಿ ಆಗಂಗಿಲ್ಲೇನು? ನೀ ಧೂಳಿಗೆ ಹಚ್ಚೀದಿ. ಮಂದಿ ಕಣ್ಣಿಗೆ ಏನ್ ಹಚ್ಚೀದಿ, ಹೇಳು?”

ನನ್ನ ಹತ್ತಿರ ಅದಕ್ಕೆ ಮಾಲು ಇರಲಿಲ್ಲ. ಅಲ್ಲ ಆಯಿ, ದಿನಾ ದಿನಾ ದೊಡ್ಡದು ಯಾಕೆ ಮಾಡುತ್ತಿದ್ದಿರಿ ಎಂದೆ. ಆಯಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ಹಚ್ಚಿದ್ದು ಹಚ್ಚಿದಂಗ ಮಾಯ ಆಗಾಕತ್ತಿತ್ತಪ್ಪಾ. ಎಂಥಾ ಕೆಟ್ಟ ಕಣ್ಣು ಬೀಳಾಕತ್ತಾವ ನೋಡು, ಕಾಡಿಗಿನ ತಿಂತಾವ ಅಂತ ನನಗ ನಿದ್ದಿ ಇಲ್ಲ. ಅದಕ್ಕ ದೊಡ್ಡದು ಇಟ್ಟೆ.”

೬. ಮಾಸ್ತರ ಮಾಲು

ತಾಯಿಯ ಮಾತು ಮೀರುವ ಧೈರ್ಯ ಮಾಸ್ತರಿಗಿಲ್ಲ. ಚುಕ್ಕಿ ಒರೆಸಬಾರದು, ಆಯಿ ಅದನ್ನು ಹಳೆಯ ಗಾತ್ರಕ್ಕೆ ಇಳಿಸಬೇಕು ಎಂದು ರಾಜಿಯಾಯಿತು. ರೋಗವಲ್ಲ, ಬೇಕೆಂದೇ ಇಟ್ಟದ್ದು ಎಂದು ಮಾಸ್ತರು ಕೇಳಿದವರಿಗೆಲ್ಲ ಹೇಳಿದರು. ಯಾರು ಇಟ್ಟದ್ದು ಎನ್ನುವುದನ್ನು ಹೇಳಲು ಮಾತ್ರ ನಾಚಿಕೊಂಡರು. ವಿಜ್ಞಾನದ ಮಾಸ್ತರಲ್ಲವೇ.

ಗಿರಾಕಿಗಳು ಬರಹತ್ತಿದರು. ಮೊದಲು ಬಂದವನು ಹುಲಸೂರಿನ ಕುರಿ ಸಾಕುವ ಗೌಡ, ಕುರಿ ಮಾರಿ ಹೊಸ ಕಾರು ಕೊಂಡವನು. ಮಾಸ್ತರಿಗೆ ಹಾಕಿದ್ದೇ ಹಾಕಬೇಕು, ಬೇರೆ ಬೇಡ ಎಂದ. ಹಾಕಿದೆವು. ಎರಡು ವರ್ಷ ಗ್ಯಾರಂಟಿ ಎಂದು ಬಾಯಲ್ಲಿ ಹೇಳಿದೆ. ಗೌಡ ಗಾಡಿ ಸುತ್ತಿ ಬಂದು ಎಡಮೂಲೆಯ ಮುಂದೆ ನಿಂತ. ಚುಕ್ಕಿ ಎಲ್ಲಿ ಎಂದು ಕೇಳಿದ.

ಅದು ಕೋಟಿಂಗ್ ಅಲ್ಲ, ಮಾಸ್ತರ ತಾಯಿ ಇಡುವ ಕಾಡಿಗೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಜೀವಮಾನದ ವ್ಯಾಪಾರದಲ್ಲಿ ನನ್ನ ಇಷ್ಟು ಸತ್ಯವಾದ ಮಾತನ್ನು ಯಾರೂ ಇಷ್ಟು ಅನುಮಾನದಿಂದ ಕೇಳಿರಲಿಲ್ಲ.

“ಕಲಿತವರಿಗೊಂದು ಮಾಲು, ಕುರಿ ಕಾಯವರಿಗೊಂದು ಮಾಲೇನ್ರಿ ಸಾವ್ಕಾರ್ರ? ಬಾಕಿದ್ದೆಲ್ಲ ಕಣ್ಣಿಗೆ ಕಾಣಂಗಿಲ್ಲ. ಕಾಣೋದು ಅದೊಂದು, ಅದನ್ನೇ ಮುಚ್ಚಿಡ್ತೀರಿ.”

ಗಿರಾಕಿ ಬಾಗಿಲಿಗೆ ಬಂದಾಗ ಜ್ಞಾನ ಹೇಳುವವನು ವ್ಯಾಪಾರ ಮಾಡಬಾರದು. ಮನೆಯಿಂದ ಕಾಡಿಗೆ ತರಿಸಿ ಒಂದು ಚುಕ್ಕಿ ಇಟ್ಟೆ. ಗೌಡ ದೂರ ನಿಂತು ನೋಡಿ, ಈಗ ಸರಿ ಎಂದು ಹೋದ. ಅವನ ಹಿಂದೆ ಬಂದವರೆಲ್ಲ ಮೊದಲು ನೋಡಿದ್ದು ಎಡಮೂಲೆಯನ್ನೇ.

ಮೊದಲ ಮಳೆ ಬಿದ್ದ ಮರುದಿನ ಗೌಡ ಸಿಟ್ಟಿನಿಂದ ಬಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೂ ಜಿನುಗುತ್ತಿದ್ದ ಮಳೆಯ ಹನಿ ತಾವರೆ ಎಲೆಯ ಮೇಲಿನ ಹಾಗೆ ಉರುಳಿ ಹೋಗುತ್ತಿತ್ತು. ಏನಾಯಿತು ಗೌಡ್ರ ಎಂದೆ.

“ಎಲ್ಲಾ ತೊಳಕೊಂಡು ಹೋತು ನೋಡ್ರಿ,” ಎಂದು ಎಡಮೂಲೆ ತೋರಿಸಿದ. “ಎರಡು ವರ್ಷ ಅಂದಿದ್ರಿ. ಒಂದ ಮಳಿಗಿ ನಿಮ್ಮ ಕೋಟಿಂಗ್ ಖಲಾಸ್.”

ಈಗ ನಮ್ಮ ಕಾರೀಗಾರ ಮೊದಲು ಚುಕ್ಕಿ ಇಡುತ್ತಾನೆ, ಅದು ಒಣಗಿದ ಮೇಲೆ ಕೋಟಿಂಗ್ ಹೊಡೆಯುತ್ತಾನೆ.